ಮುನ್ನೂರು ಪೆಟ್ಟಿಗೆ ಕಟ್ಟುವವರು ಯಾರು?

ಎರಡು ತಿಂಗಳಲ್ಲಿ ಮದುವೆಯಾಗಲಿರುವ ಯುವತಿಯೊಬ್ಬರ ಪತ್ರ ನನ್ನನ್ನು ತುಸು ಕೆರಳಿಸಿದ್ದರಿಂದ, ಸರದಿಯಲ್ಲಿದ್ದ ಉಳಿದ ಪತ್ರಗಳನ್ನು ಬದಿಗಿಟ್ಟು ಇದಕ್ಕೇ ಮೊದಲು ಉತ್ತರಿಸುತ್ತಿದ್ದೇನೆ. ಬರುವವರು 300 ಮಂದಿ, ಕೈಯಲ್ಲಿರುವ ಹಣ ಕಡಿಮೆ, ಆದರೂ ಊಟದ ಜೊತೆಗೆ ಅತಿಥಿಗಳಿಗೆ ಏನಾದರೊಂದು ಮೋಜಿನ ತಿನಿಸು ಇರಲೆಂಬ ಆಸೆ. ಪಾಪ್‌ಕಾರ್ನ್ ಯಂತ್ರ, ಐಸ್‌ಕ್ರೀಮ್ ಗಾಡಿ, ಜೋಡಿಯ ಹೆಸರು ಅಚ್ಚಾದ ಚಾಕೊಲೇಟ್ ಪೆಟ್ಟಿಗೆ, ಈ ಮೂರರಲ್ಲಿ ಯಾವುದನ್ನು ಬಿಡಲಿ ಎಂಬುದು ಪ್ರಶ್ನೆ. ಪೆಟ್ಟಿಗೆ ಕೊಡದಿದ್ದರೆ ಮರ್ಯಾದೆ ಹೋಗುತ್ತದೆಂದು ಅವರ ಭಾವ ಹೇಳಿದ್ದಾರಂತೆ. ಬೇರೆಯವರ ಮದುವೆಯ ಚಿತ್ರಗಳನ್ನು ದಿನವೂ ಕಳಿಸುತ್ತಿದ್ದಾರಂತೆ.

ನೀವು ಕೊನೆಗೆ, ಹೆಸರು ಬರೆಯುವ ಮುಂಚೆ, ಲೆಕ್ಕಕ್ಕೇ ಬಾರದ್ದೆಂಬಂತೆ ಒಂದು ಸಾಲು ಸೇರಿಸಿದ್ದೀರಿ: “ಪ್ಯಾಕಿಂಗ್‌ಗೆ ಖರ್ಚಿಲ್ಲ, ಹಿಂದಿನ ರಾತ್ರಿ ಅಮ್ಮ ಕಟ್ಟಿಕೊಡುತ್ತಾರೆ.” ರಟ್ಟನ್ನು ಮಡಚಿ, ತುಂಬಿ, ದಾರ ಬಿಗಿದು, ಚೀಟಿ ಅಂಟಿಸಲು ಒಂದಕ್ಕೆ ಎರಡೇ ನಿಮಿಷ ಎಂದಿಟ್ಟುಕೊಂಡರೂ 300 ಪೆಟ್ಟಿಗೆಗಳಿಗೆ ಹತ್ತು ಗಂಟೆ ಬೇಕು. ಮಗಳ ಮದುವೆಯ ಹಿಂದಿನ ರಾತ್ರಿ ಅಷ್ಟು ಹೊತ್ತು ನೆಲದ ಮೇಲೆ ಕುಳಿತ ತಾಯಿ, ಬೆಳಗ್ಗೆ ಬಂದವರನ್ನು ನಗುಮುಖದಿಂದ ಎದುರುಗೊಳ್ಳಬೇಕು. ನಿಮ್ಮ ಬಜೆಟ್‌ನಲ್ಲಿ ಸೊನ್ನೆ ಎಂದು ಬರೆದಿರುವ ಬಾಬತ್ತು ಇದೊಂದೇ, ಎಲ್ಲಕ್ಕಿಂತ ದುಬಾರಿಯಾದದ್ದೂ ಇದೇ. ಹಣದ ಚಿಂತೆಯಲ್ಲಿರುವ ನಿಮ್ಮ ಮೇಲೆ ನನಗೆ ಕನಿಕರವಿದೆ, ಆದರೆ ಅದರ ಹೆಚ್ಚಿನ ಪಾಲು ನಿಮ್ಮ ಅಮ್ಮನಿಗೇ ಸಲ್ಲುತ್ತದೆ.

ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ: ಅತಿಥಿಗೆ ಕೊಡುವ ತಿನಿಸು ಅಲ್ಲೇ, ಆಗಲೇ, ಕೈಯಿಂದ ಕೈಗೆ ಹೋಗಬೇಕು. ಹೆಸರು ಅಚ್ಚಾದ ಪೆಟ್ಟಿಗೆ ಕೊಡುವವರ ಖುಷಿಗಾಗಿ ಇರುತ್ತದೆ. ಮನೆ ತಲುಪಿದ ಮೇಲೆ ಅದರಲ್ಲಿ ಗುಂಡಿ, ಸೂಜಿದಾರ ಸೇರುತ್ತವೆ. ಅದರೊಳಗಿನ ಚಾಕೊಲೇಟೂ ನಂಬಿಗಸ್ತ ವಸ್ತುವಲ್ಲ, ಏಕೆಂದರೆ ಅದರಲ್ಲಿರುವ ಕೊಬ್ಬು, ಅಂದರೆ ಕೋಕೋ ಬೆಣ್ಣೆ, ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಜನ ತುಂಬಿದ ಸಭಾಂಗಣದ ಸೆಕೆಗೆ ಅದು ಮೆತ್ತಗಾಗದೆ ಇರುವುದಿಲ್ಲ. ಐಸ್‌ಕ್ರೀಮ್ ಗಾಡಿಯ ಕಷ್ಟ ಬೇರೆಯೇ: ಶಾಸ್ತ್ರ ಹೊತ್ತು ಮೀರಿದರೆ, ಮದುವೆಗಳಲ್ಲಿ ಅದು ಮೀರಿಯೇ ಮೀರುತ್ತದೆ, ಕಾಯುವ ಪ್ರತಿ ಗಂಟೆಯೂ ತಂಪು ಉಳಿಸುವ ಖರ್ಚೇ.

ಆದ್ದರಿಂದ ಮಾಡಬೇಕಾದದ್ದು ಒಂದೇ. ಉಳಿದೆರಡನ್ನೂ ಬಿಟ್ಟು, ಪಾಪ್‌ಕಾರ್ನ್ ಯಂತ್ರವನ್ನು ಅದನ್ನು ನಡೆಸುವ ಆಳಿನ ಸಮೇತ ಬಾಡಿಗೆಗೆ ತನ್ನಿ, ನಾಳೆಯೇ ಗೊತ್ತುಮಾಡಿ. ಒಣ ಜೋಳ ಕೆಡುವುದಿಲ್ಲ, ಉಳಿದದ್ದು ವ್ಯರ್ಥವಾಗುವುದಿಲ್ಲ, ಕಾಳಿನೊಳಗಿನ ತೇವ ಆವಿಯಾಗಿ ಸಿಡಿಯುವ ಸದ್ದಿಗೆ ಮಕ್ಕಳು ಕರೆಯದೆಯೇ ಬಂದು ನಿಲ್ಲುತ್ತಾರೆ; ಮೋಜು ಬೇಕೆಂದು ತಾನೇ ನೀವು ಕೇಳಿದ್ದು? ಹಿಂದಿನ ದಿನವೇ ಹುರಿದು ಕಾಗದದ ಪೊಟ್ಟಣ ಕಟ್ಟಿಡುವ ಯೋಚನೆ ಮಾತ್ರ ಬೇಡ, ಗಾಳಿಯ ತೇವ ಹೀರಿದ ಪಾಪ್‌ಕಾರ್ನ್ ಮೆತ್ತಗಾಗಿ ಯಾರಿಗೂ ರುಚಿಸುವುದಿಲ್ಲ. ಕಡಲೆಕಾಯಿಯಂಥದ್ದು ಕೆಲವರ ಮೈಗೆ ಒಗ್ಗುವುದಿಲ್ಲವಾದ್ದರಿಂದ ಬೆರೆಸಬೇಡಿ. ಉಪ್ಪಿನದು, ಸಿಹಿಯದು, ಎರಡೇ ರುಚಿ ಸಾಕು.

ಒಬ್ಬರಿಗೆ ಬಡಿಸಲು 20 ಸೆಕೆಂಡು ಹಿಡಿದರೆ 300 ಮಂದಿಗೆ ನೂರು ನಿಮಿಷವಾಗುತ್ತದೆ, ಅಷ್ಟು ಹೊತ್ತು ಸಾಲಿನಲ್ಲಿ ಯಾರೂ ನಿಲ್ಲಲಾರರು, ಹಾಗಾಗಿ ಯಂತ್ರದ ಬಳಿ ಬಡಿಸಲು ಇನ್ನೊಬ್ಬರು ಬೇಕೇ ಬೇಕು. ಆ ಕೆಲಸವನ್ನು ಅಮ್ಮನಿಗೆ ಹಚ್ಚಬೇಡಿ. ಭಾವನವರನ್ನು ಕೇಳಿ, ನಿಮ್ಮ ಮನೆಯ ಮರ್ಯಾದೆಯ ಬಗ್ಗೆ ಇಷ್ಟು ಕಾಳಜಿ ಇರುವವರು ಇಲ್ಲವೆನ್ನಲಾರರು.