ಎಡಿಟಿಂಗ್ ಸ್ಟುಡಿಯೋದಲ್ಲಿ 6 ವಾರದ ಇಂಟರ್ನ್‌ಶಿಪ್: ಏನು ಕಲಿತು ಹೋಗಲಿ, ವರದಿ ಹೇಗೆ ಬರೆಯಲಿ?

ನೀವು ಕೇಳಿರುವುದು ಎರಡು ಪ್ರಶ್ನೆ. ಬೆಂಗಳೂರಿನ ಎಡಿಟಿಂಗ್ ಸ್ಟುಡಿಯೋಗೆ 6 ವಾರ ಹೋಗುವ ಮುಂಚೆ ಏನು ಕಲಿತಿರಬೇಕು? ವಾಪಸ್ ಬಂದ ಮೇಲೆ ಕಾಲೇಜಿಗೆ ವರದಿ ಹೇಗೆ ಬರೆಯಬೇಕು? ಎರಡನೆಯದರ ತಯಾರಿ ಸೇರಿದ ದಿನವೇ ಶುರುವಾಗಬೇಕು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇಂಟರ್ನ್ ಕೈಗೆ ಯಾರೂ ಹಾಡು ಕಟ್ ಮಾಡಲು ಕೊಡುವುದಿಲ್ಲ. ಸಿಗುವುದು ಅಸಿಸ್ಟೆಂಟ್ ಎಡಿಟರ್ ಮಾಡುವ ಕೆಲಸದ ಒಂದು ತುಂಡು: ಕಾರ್ಡ್ ಕಾಪಿ (ಕ್ಯಾಮೆರಾ ಕಾರ್ಡಿನ ಫೂಟೇಜ್ ಡ್ರೈವ್‌ಗೆ ತರುವುದು), ಸಿಂಕ್ (ಚಿತ್ರಕ್ಕೆ ಸದ್ದು ಕೂಡಿಸುವುದು), ಪ್ರಾಕ್ಸಿ (ಎಡಿಟ್ ಮಾಡಲು ಫೂಟೇಜಿನ ಹಗುರ ಕಾಪಿ), ಸಬ್‌ಟೈಟಲ್, ಎಕ್ಸ್‌ಪೋರ್ಟ್. ಹಾಗಾಗಿ ಟ್ರಾನ್ಸಿಷನ್, ಎಫೆಕ್ಟ್ ಕಲಿಸುವ ವಿಡಿಯೋ ನೋಡುತ್ತಾ ಕೂರಬೇಡಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಹಾಕಿಕೊಂಡು ಜೆ (ಹಿಂದಕ್ಕೆ), ಕೆ (ನಿಲ್ಲಿಸಲು), ಎಲ್ (ಮುಂದಕ್ಕೆ) ಕೀಗಳಲ್ಲೇ ಫೂಟೇಜ್ ಓಡಿಸುವುದು ರೂಢಿ ಮಾಡಿಕೊಳ್ಳಿ. ಮೌಸ್ ಹಿಡಿದು ಟೈಮ್‌ಲೈನ್ ಎಳೆದಾಡುವವರನ್ನು ಕಂಡರೆ ಪಕ್ಕದಲ್ಲಿ ಕೂತ ಎಡಿಟರ್‌ಗೆ ತಾಳ್ಮೆ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಕಾರ್ಡ್ ಕಾಪಿ. ಉಳಿದ ಯಾವ ತಪ್ಪನ್ನಾದರೂ ತಿದ್ದಬಹುದು, ಅಳಿಸಿಹೋದ ಶಾಟ್ ತಿದ್ದಲಾಗದು. ಕಾರ್ಡ್‌ನಿಂದ ಎರಡು ಬೇರೆಬೇರೆ ಡ್ರೈವ್‌ಗೆ ಕಾಪಿ ಆಗಬೇಕು. ಎರಡೂ ಸರಿಯಿದೆ ಎಂದು ಖಾತ್ರಿಯಾಗುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಲು ಕೊಡಬೇಡಿ. ಸುಮ್ಮನೆ ಎಳೆದು ಹಾಕಿದರೆ ಫೈಲ್ ಬಂತೋ ಇಲ್ಲವೋ ಗೊತ್ತಾಗುತ್ತದೆ, ಒಳಗಿನ ಡೇಟಾ ಕೆಟ್ಟಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೇ ಚೆಕ್‌ಸಮ್, ಅಂದರೆ ಫೈಲಿನ ಡೇಟಾದಿಂದ ಲೆಕ್ಕ ಹಾಕಿದ ಗುರುತು, ಎರಡೂ ಕಡೆ ಒಂದೇ ಇದೆಯೇ ಎಂದು ನೋಡುವುದು. ರಿಸಾಲ್ವ್‌ನ ಮೀಡಿಯಾ ಪೇಜಿನಲ್ಲಿರುವ ಕ್ಲೋನ್ ಟೂಲ್ ಅದನ್ನು ತಾನೇ ಮಾಡುತ್ತದೆ. ಕಾರ್ಡ್ ಒಳಗಿನ ಫೋಲ್ಡರ್‌ಗಳನ್ನು ಹಾಗೇ ಪೂರ್ತಿ ಎತ್ತಿ. ವಿಡಿಯೋ ಫೈಲ್ ಮಾತ್ರ ಆರಿಸಿ ತಂದರೆ ಕ್ಯಾಮೆರಾ ಬರೆದಿಟ್ಟ ಮೆಟಾಡೇಟಾ (ಶಾಟ್ ಬಗೆಗಿನ ಮಾಹಿತಿ) ಹಿಂದೆಯೇ ಉಳಿಯುತ್ತದೆ. ಜಾಗದ ಲೆಕ್ಕವೂ ಬಾಯಲ್ಲಿರಲಿ: ಸೆಕೆಂಡಿಗೆ 100 ಮೆಗಾಬಿಟ್‌ನ ಫೂಟೇಜ್ ಒಂದು ಗಂಟೆಗೆ 45 ಜಿಬಿ. ಎರಡು ಕಾಪಿ ಅಂದರೆ 90. ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡಾಡುವ ಡ್ರೈವ್ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿರುತ್ತದೆ. ಅದನ್ನು ಇಜೆಕ್ಟ್ ಕೊಡದೆ ಕಿತ್ತರೆ ಫೈಲ್ ಕೆಡುವ ಸಂಭವ ಹೆಚ್ಚು.

ಮುಂದಿನದು ಸಿಂಕ್. ಕ್ಯಾಮೆರಾ ಒಂದು ಕಡೆ, ಸೌಂಡ್ ರೆಕಾರ್ಡರ್ ಇನ್ನೊಂದು ಕಡೆ ಓಡಿರುತ್ತದೆ. ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಅಂಟಿದ ಸಮಯದ ಗುರುತು) ಇಲ್ಲದಿದ್ದರೆ ಕ್ಲ್ಯಾಪ್ ಬೋರ್ಡಿನ ಕಡ್ಡಿ ಮುಚ್ಚಿದ ಮೊದಲ ಫ್ರೇಮಿಗೆ 'ಟಪ್' ಸದ್ದನ್ನು ಕೂರಿಸಬೇಕು. ಶುರುವಿನಲ್ಲಿ ಸರಿಯಿದ್ದು ಶಾಟ್ ಮುಗಿಯುವಷ್ಟರಲ್ಲಿ ತುಟಿ, ಮಾತು ಬೇರೆಯಾದರೆ ಕೂಡಿಸಿದ್ದು ತಪ್ಪಲ್ಲ, ವೇಗದಲ್ಲೇ ವ್ಯತ್ಯಾಸವಿದೆ ಎಂದರ್ಥ. ಸೆಕೆಂಡಿಗೆ 24 ಫ್ರೇಮಿನ ಪ್ರಾಜೆಕ್ಟಿನಲ್ಲಿ 23.976 ಫ್ರೇಮಿನ ಫೂಟೇಜನ್ನು 24 ಎಂದೇ ಓಡಿಸಿದರೆ ಗಂಟೆಗೆ ಸುಮಾರು 3.6 ಸೆಕೆಂಡ್ ಜಾರುತ್ತದೆ. ಮೊಬೈಲ್ ಫೂಟೇಜಿನ ಕಥೆ ಬೇರೆ, ಅದರ ಫ್ರೇಮ್ ದರವೇ ಏರಿಳಿಯುತ್ತಿರುತ್ತದೆ. ಮೊದಲು ಒಂದೇ ದರಕ್ಕೆ ಟ್ರಾನ್ಸ್‌ಕೋಡ್ ಮಾಡಿಕೊಂಡು (ಅಂದರೆ ಹೊಸ ಫೈಲಾಗಿ ಪರಿವರ್ತಿಸಿಕೊಂಡು) ಆಮೇಲೆ ಸಿಂಕ್ ಮಾಡಿ. ಸೌಂಡ್ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿರಬೇಕು.

ಇದಕ್ಕೆ ಮನೆಯಲ್ಲೇ ಮಾಡುವ ಅಭ್ಯಾಸ ಒಂದಿದೆ. ಒಂದು ಫೋನಿನಲ್ಲಿ 10 ನಿಮಿಷ ಯಾರಾದರೂ ಮಾತಾಡುವುದನ್ನು ವಿಡಿಯೋ ಮಾಡಿ, ಇನ್ನೊಂದರಲ್ಲಿ ಧ್ವನಿ ಮಾತ್ರ ರೆಕಾರ್ಡ್ ಮಾಡಿ. ಶುರುವಿಗೊಮ್ಮೆ, ಕೊನೆಗೊಮ್ಮೆ ಚಪ್ಪಾಳೆ ತಟ್ಟಿ. ಮೊದಲ ಚಪ್ಪಾಳೆಗೆ ಕೂಡಿಸಿ, ಕೊನೆಯ ಚಪ್ಪಾಳೆ ಎಷ್ಟು ಫ್ರೇಮ್ ತಪ್ಪಿದೆ ಎಣಿಸಿ, ಯಾಕೆ ತಪ್ಪಿತು ಹುಡುಕಿ. ಹತ್ತು ಪಾಠಕ್ಕಿಂತ ಇದು ಮೇಲು.

ಕನ್ನಡದ ಕೆಲಸಕ್ಕೇ ಅಂಟಿದ ಒಂದು ತಲೆನೋವಿದೆ, ಅದನ್ನು ಬಲ್ಲ ಇಂಟರ್ನ್‌ಗೆ ತಕ್ಷಣ ಬೆಲೆ ಬರುತ್ತದೆ. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಟೈಟಲ್, ಆ ಫಾಂಟ್ ಇಲ್ಲದ ಸಿಸ್ಟಮ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಬಳಸಿ. ಯೂನಿಕೋಡ್ ಹಾಕಿದರೂ ಅಡೋಬಿ ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದು ಕಂಡರೆ, ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್‌ಗೆ ಬದಲಿಸಿ ಹೊಸದಾಗಿ ಟೈಟಲ್ ಮಾಡಿ. ಎಸ್‌ಆರ್‌ಟಿ ಸಬ್‌ಟೈಟಲ್ ಫೈಲನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸಿ. ಎಕ್ಸ್‌ಪೋರ್ಟ್ ಮುಂಚೆ 'ಸ್ತ್ರೀ', 'ರಾಷ್ಟ್ರ', 'ಸೂರ್ಯ', 'ಕರ್ಮ' ತರಹದ ಪದಗಳನ್ನು ಕಣ್ಣಿಟ್ಟು ನೋಡಿ. ತಪ್ಪು ಮೊದಲು ಕಾಣುವುದು ಅರ್ಕಾವತ್ತು, ಒತ್ತಕ್ಷರದಲ್ಲೇ.

ಎಡಿಟ್ ಲಾಕ್ ಆದಮೇಲೆ, ಅಂದರೆ ಇನ್ನು ಕಟ್ ಬದಲಾಗದು ಎಂದಾದ ಮೇಲೆ, ಸೌಂಡ್ ವಿಭಾಗಕ್ಕೆ ಎಎಎಫ್ (ಟೈಮ್‌ಲೈನನ್ನು ಬೇರೆ ಸಾಫ್ಟ್‌ವೇರಿಗೆ ಒಯ್ಯುವ ಫೈಲ್) ಕಳಿಸುವಾಗ ಕ್ಲಿಪ್‌ಗಳ ಎರಡೂ ತುದಿಗೆ ಹ್ಯಾಂಡಲ್, ಅಂದರೆ ಒಂದಿಷ್ಟು ಹೆಚ್ಚುವರಿ ಧ್ವನಿ, ಬಿಡುತ್ತಾರೆ. ಎಷ್ಟು ಸೆಕೆಂಡ್ ಎಂದು ಅವರನ್ನೇ ಕೇಳಿ. ಚಿತ್ರ ಶುರುವಾಗುವ 2 ಸೆಕೆಂಡ್ ಮುಂಚೆ, ಅಂದರೆ 24 ಫ್ರೇಮಿನ ಲೆಕ್ಕದಲ್ಲಿ 48 ಫ್ರೇಮ್ ಹಿಂದೆ, ಒಂದೇ ಫ್ರೇಮಿನ ಬೀಪ್ ಇರಬೇಕು. ಅದಿಲ್ಲದಿದ್ದರೆ ಮಿಕ್ಸ್ (ಅವರು ಮುಗಿಸಿ ಕೊಡುವ ಧ್ವನಿ) ವಾಪಸ್ ಬಂದಾಗ ಎಲ್ಲಿ ಕೂರಿಸುವುದು?

ಸೇರುವ ಮುಂಚೆ ಇಷ್ಟನ್ನು ಮೇಲ್‌ನಲ್ಲಿ ಕೇಳಿ, ಮುಜುಗರ ಬೇಡ: ಸ್ಟೈಪೆಂಡ್ ಇದೆಯೇ, ಎಷ್ಟು ಗಂಟೆಯಿಂದ ಎಷ್ಟರ ತನಕ, ರಾತ್ರಿ ಪಾಳಿ ಇದ್ದರೆ ಮನೆಗೆ ಹೋಗಲು ವ್ಯವಸ್ಥೆ ಏನು, ಮಾಡಿದ ಕೆಲಸವನ್ನು ನಿಮ್ಮ ಶೋರೀಲ್‌ನಲ್ಲಿ (ಕೆಲಸದ ಮಾದರಿ ತೋರಿಸುವ ವಿಡಿಯೋ) ಯಾವಾಗ ಹಾಕಬಹುದು. ಬಾಯಿಮಾತಿನ 'ಆಮೇಲೆ ನೋಡೋಣ' ನಂಬಬೇಡಿ. ಕಿವಿ ಮುಚ್ಚುವಂಥ ಹೆಡ್‌ಫೋನ್ ನಿಮ್ಮದೇ ಇರಲಿ.

ಈಗ ವರದಿ. ಆರನೇ ವಾರದಲ್ಲಿ ಕೂತು ನೆನಪಿನಿಂದ ಬರೆದರೆ 'ತಂಡದ ಜೊತೆ ಕೆಲಸ ಮಾಡುವುದನ್ನು ಕಲಿತೆ' ಎಂಬ ಸಾಲು ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ದಿನಾ ಹೊರಡುವ ಮುಂಚೆ 10 ನಿಮಿಷ ಪುಸ್ತಕ ಹಿಡಿಯಿರಿ. ಯಾವ ಕೆಲಸ, ಎಷ್ಟು ಹೊತ್ತು, ಎಲ್ಲಿ ಸಿಕ್ಕಿಕೊಂಡಿತು, ಯಾಕೆ, ಯಾರು ಹೇಗೆ ಬಿಡಿಸಿದರು. 'ಸಿಂಕ್ ಮಾಡಿದೆ' ಎಂದು ಬರೆದರೆ ಸಾಲದು. '32 ಶಾಟ್, 3 ಗಂಟೆ. 5ರಲ್ಲಿ ಕ್ಲ್ಯಾಪ್ ಫ್ರೇಮಿನ ಹೊರಗಿತ್ತು, ಧ್ವನಿಯ ವೇವ್‌ಫಾರ್ಮ್ ನೋಡಿ ಕೂಡಿಸಿದೆ. ಇನ್ನುಮುಂದೆ ಮೊದಲು ಸೌಂಡ್ ರಿಪೋರ್ಟ್ ಓದುತ್ತೇನೆ' ಎಂದು ಬರೆಯಿರಿ. ಕಾಲೇಜಿನವರು ಕೇಳುವ 'ಆತ್ಮಾವಲೋಕನ' ಆ ಕೊನೆಯ ತುಂಡಿನಲ್ಲೇ ಇದೆ. ವರದಿಗೆ ಇಂಥ ಮೂರೋ ನಾಲ್ಕೋ ಘಟನೆ ಆರಿಸಿ, ಪ್ರತಿಯೊಂದಕ್ಕೂ ಒಂದು ಪುಟ ಕೊಡಿ. ಸ್ಟುಡಿಯೋದ ಇತಿಹಾಸಕ್ಕೆ ಅರ್ಧ ಪುಟ ಧಾರಾಳವಾಯಿತು.

ಬಿಡುಗಡೆಯಾಗದ ಚಿತ್ರದ ಸ್ಕ್ರೀನ್‌ಶಾಟ್ ವರದಿಯಲ್ಲಿ ಹಾಕಲೇಬೇಡಿ, ಕಥೆಯ ಸುಳಿವೂ ಬೇಡ. ಟೈಮ್‌ಲೈನ್ ಚಿತ್ರ ಬೇಕೇ ಬೇಕೆಂದರೆ ಅದೇ ವಿಧಾನವನ್ನು ನಿಮ್ಮ ಚಪ್ಪಾಳೆ ಫೂಟೇಜ್ ಮೇಲೆ ಮಾಡಿ ತೋರಿಸಿ. ಹಾಜರಿ ಹಾಳೆಗೆ ಸಹಿಯನ್ನು ವಾರವಾರ ಹಾಕಿಸಿಕೊಳ್ಳಿ. ಕೊನೆಯ ದಿನ ಬಿಡುಗಡೆಯ ಗಡಿಬಿಡಿ ಇದ್ದರೆ ಸಹಿ ಹಾಕಬೇಕಾದವರು ಮಿಕ್ಸಿಂಗ್ ರೂಮಿನಿಂದ ಹೊರಗೇ ಬರುವುದಿಲ್ಲ.