ಪಿಯುಸಿಯಲ್ಲಿ ಶೇಕಡಾ 43, ವಯಸ್ಸು 24: ಐದು ವರ್ಷದ ಕಾನೂನು ಪದವಿಗೆ ಸೇರಬಹುದೇ?

ನೀವು ಬರೆದದ್ದನ್ನು ಮೊದಲು ಒಂದೆಡೆ ಕೂಡಿಸಿಕೊಳ್ಳುತ್ತೇನೆ. 2019ರಲ್ಲಿ ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ, 600ಕ್ಕೆ 258 ಅಂಕ. ಪ್ರವರ್ಗ 2ಎ, ಅಂದರೆ ರಾಜ್ಯದ ಪಟ್ಟಿಯಲ್ಲಿ ಹಿಂದುಳಿದ ವರ್ಗ. ಬಿ.ಎಸ್‌ಸಿ.ಗೆ ಸೇರಿ ಒಂದು ವರ್ಷಕ್ಕೇ ಬಿಟ್ಟಿರಿ. ಈಗ 24 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ. ಕರ್ನಾಟಕದಲ್ಲೇ ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಓದುವ ಆಸೆ. ಪರಿಚಯದವರೊಬ್ಬರು "45 ಇಲ್ಲದಿದ್ದರೆ ಮರೆತುಬಿಡು" ಎಂದರು. ಇನ್ನೊಬ್ಬರು "ವಯಸ್ಸು ಮೀರಿತು" ಎಂದರು. ಮೂರನೆಯವರು "ಕ್ಲಾಟ್ (ರಾಷ್ಟ್ರಮಟ್ಟದ ಕಾನೂನು ಪ್ರವೇಶ ಪರೀಕ್ಷೆ) ಬರೆಯದೆ ಯಾರೂ ಸೇರಿಸಿಕೊಳ್ಳುವುದಿಲ್ಲ" ಎಂದರು. ಗೆಳೆಯರೊಬ್ಬರು ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿಕೊಂಡು ಮೂರು ವರ್ಷದ ಎಲ್‌ಎಲ್.ಬಿ.ಗೆ ಹೋಗು ಎನ್ನುತ್ತಿದ್ದಾರೆ.

ಸೇರಬಹುದು. ಮೊದಲ ಮೂವರು ಹೇಳಿದ್ದರಲ್ಲಿ ಅರ್ಧರ್ಧ ಸತ್ಯವಿದೆ, ಆದರೆ ಆ ಅರ್ಧ ನಿಮಗೆ ಅನ್ವಯಿಸುವುದಿಲ್ಲ. ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿ ಮಾಡುವವಳು ನಾನು. ಪ್ರವೇಶದ ಹೊತ್ತಿನಲ್ಲಿ ನಾನೂ ಇದೇ ಗೆರೆಯ ಮೇಲೆ ನಿಂತು ನಡುಗಿದವಳು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಂಕದಿಂದ ಆರಂಭಿಸೋಣ. ಆ 45 ಎಲ್ಲಿಂದ ಬಂತು? ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಿವೆ; ಅದರ 7ನೇ ನಿಯಮ ಸಾಮಾನ್ಯ ವರ್ಗಕ್ಕೆ ಅರ್ಹತಾ ಪರೀಕ್ಷೆಯಲ್ಲಿ (ನಿಮ್ಮ ಮಟ್ಟಿಗೆ ಪಿಯುಸಿಯಲ್ಲಿ) ಕನಿಷ್ಠ ಶೇಕಡಾ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40 ಎನ್ನುತ್ತದೆ. ಹಿಂದುಳಿದ ವರ್ಗದವರಿಗೆ 42. ಕರ್ನಾಟಕದ ಹೆಚ್ಚಿನ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ನವನಗರದಲ್ಲಿರುವ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿಯೂ ಇದೇ ಲೆಕ್ಕ. 600 ಅಂಕಗಳ ಪಿಯುಸಿಯಲ್ಲಿ 45 ಎಂದರೆ 270, 42 ಎಂದರೆ 252, 40 ಎಂದರೆ 240. ನಿಮ್ಮದು 258. ಆರು ಅಂಕ ಮೇಲೆಯೇ ಇದ್ದೀರಿ. ಆದರೆ ಆ ಆರು ಅಂಕ ನಿಂತಿರುವುದು ನಿಮ್ಮ ಜಾತಿ ಪ್ರಮಾಣಪತ್ರದ ಮೇಲೆ. ಅದಿಲ್ಲದೆ ಅರ್ಜಿ ಹಾಕಿದರೆ ನೀವು ಸಾಮಾನ್ಯ ವರ್ಗ, ಆಗ ಹನ್ನೆರಡು ಅಂಕ ಕಡಿಮೆ. ನಾಡಕಚೇರಿಗೆ ಈ ವಾರವೇ ಹೋಗಿ. ಮನೆಯಲ್ಲಿ ಹಳೆಯದೊಂದು ಇದ್ದರೆ ಅದರ ಅವಧಿ ಮುಗಿದಿಲ್ಲವೇ ಎಂದು ನೋಡಿಕೊಳ್ಳಿ.

ಅಂಕದ ವಿಷಯದಲ್ಲಿ "ಹತ್ತಿರ ಹತ್ತಿರ" ಎಂಬ ಮಾತನ್ನು ನಂಬಬೇಡಿ. ನನ್ನದು ಸಾಮಾನ್ಯ ವರ್ಗ, ಬಂದದ್ದು 266 ಅಂಕ, ಅಂದರೆ 44.33. ಕಾಲೇಜಿನ ಕಚೇರಿಯಲ್ಲಿದ್ದವರು ಅರ್ಜಿ ತೆಗೆದುಕೊಂಡರು, ಶುಲ್ಕದ ಚಲನ್ ಕೊಟ್ಟರು, "ಪೂರ್ಣಾಂಕ ಮಾಡಿಕೊಳ್ಳುತ್ತಾರೆ, ಚಿಂತೆ ಬೇಡ" ಎಂದರು. ಪ್ರಾಂಶುಪಾಲರು ಅಂಕಪಟ್ಟಿ ನೋಡಿ ಒಂದೇ ಮಾತು ಕೇಳಿದರು: "44.33ನ್ನು ಯಾವ ಗಣಿತದಲ್ಲಿ 45 ಮಾಡುತ್ತಾರಮ್ಮ?" ಉತ್ತರವಿರಲಿಲ್ಲ. ಇತಿಹಾಸದ ಉತ್ತರ ಪತ್ರಿಕೆಯನ್ನು ಮರುಮೌಲ್ಯಮಾಪನಕ್ಕೆ ಹಾಕಿದೆ, ಏಳು ಅಂಕ ಹೆಚ್ಚಾಗಿ 273 ಆಯಿತು. ಆ ಏಳು ಅಂಕ ಯಾವ ಉತ್ತರಕ್ಕೆ ಬಂದವೋ ಇವತ್ತಿಗೂ ತಿಳಿಯದು. ಎರಡನೆಯ ಬಾರಿ ಓದಿದ ಮೌಲ್ಯಮಾಪಕರು ಯಾರೇ ಆಗಿರಲಿ, ಅವರಿಗೊಂದು ನಮಸ್ಕಾರ. ಈಗ ಪಿಯುಸಿ ಓದುತ್ತಿರುವವರ ಪರಿಸ್ಥಿತಿ ವಾಸಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಬಂದದ್ದರಲ್ಲಿ ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳಬಹುದು.

ಇನ್ನೊಂದು ಮಾತು. 252 ದಾಟಿದ್ದೀರಿ ಎಂದರೆ ಅರ್ಜಿ ಹಾಕುವ ಹಕ್ಕು ಬಂತು, ಸೀಟು ಬಂದಂತಲ್ಲ. ಕನಿಷ್ಠ ಅಂಕ ಇದ್ದಮಾತ್ರಕ್ಕೆ ಪ್ರವೇಶ ತಾನಾಗಿ ಸಿಗುವುದಿಲ್ಲ ಎಂದು ಅದೇ 7ನೇ ನಿಯಮ ಹೇಳುತ್ತದೆ. ಬೇಡಿಕೆ ಹೆಚ್ಚಿರುವ ಕಾಲೇಜಿನಲ್ಲಿ 258ಕ್ಕೆ ಬಾಗಿಲು ತೆರೆಯದೆ ಹೋಗಬಹುದು. ಒಂದೇ ಕಾಲೇಜನ್ನು ನೆಚ್ಚಿಕೊಂಡು ಕೂರಬೇಡಿ, ಮೂರು ನಾಲ್ಕು ಕಡೆ ಅರ್ಜಿ ಹಾಕಿ. ಹಾಕುವ ಮುನ್ನ ಆ ಕಾಲೇಜಿಗೆ ವಕೀಲರ ಪರಿಷತ್ತಿನ ಅನುಮೋದನೆ ಈ ವರ್ಷಕ್ಕೂ ಇದೆಯೇ ಎಂದು ಕೇಳಿ. ಕೇಳಿದರೆ ಮುಖ ಗಂಟಿಕ್ಕುವ ಕಾಲೇಜಾದರೆ ಅಲ್ಲಿಂದ ಎದ್ದು ಬನ್ನಿ.

ಕ್ಲಾಟ್ ಕಡ್ಡಾಯವಲ್ಲ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ ಮತ್ತು ಅದರಂತಹ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಅದು ಬೇಕು. ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಪಿಯುಸಿ ಅಂಕವೇ ಆಧಾರ. ಸ್ವಾರಸ್ಯವೆಂದರೆ, ಗೆರೆ ಎಲ್ಲ ಬಾಗಿಲಿಗೂ ಒಂದೇ ಎತ್ತರದಲ್ಲಿಲ್ಲ. ಕ್ಲಾಟ್‌ನಲ್ಲಿ ಹಿಂದುಳಿದ ವರ್ಗದವರಿಗೂ 45 ಬೇಕು, ಪರಿಶಿಷ್ಟರಿಗೆ 40. ಅಲ್ಲಿ ನಿಮ್ಮ 43 ಸಾಲದು. ರಾಜ್ಯದ ಪಟ್ಟಿಯಲ್ಲಿ 2ಎ ಆಗಿರುವವರೆಲ್ಲ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇರಲೇಬೇಕೆಂದೂ ಇಲ್ಲ. ಅಂಕವಿರುವ ಬೇರೆಯವರು ಇದನ್ನು ಓದುತ್ತಿದ್ದರೆ: ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪಿದರೆ ಕಾಲು ಅಂಕ ಹೋಗುತ್ತದೆ, ಎಲ್ಲವೂ ಇಂಗ್ಲಿಷಿನಲ್ಲಿ. ಪಿಯುಸಿ ಅಂತಿಮ ಪರೀಕ್ಷೆಗೆ ಮೊದಲೇ ಬರೆಯಬಹುದು. ಕರ್ನಾಟಕದಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಓದಿದವರಿಗೆ ಬೆಂಗಳೂರಿನ ಶಾಲೆಯಲ್ಲಿ ಶೇಕಡಾ 25 ಸೀಟುಗಳಿವೆ. ಇದು ಹಳ್ಳಿಯ ಕಡೆ ಅನೇಕರಿಗೆ ಗೊತ್ತೇ ಇಲ್ಲ.

ವಯಸ್ಸಿನ ಗಾಳಿಸುದ್ದಿಗೆ ಒಂದು ಕಥೆಯಿದೆ. 2008ರ ನಿಯಮಗಳ ಅನುಬಂಧದಲ್ಲಿ ನಿಜವಾಗಿಯೂ ಮಿತಿ ಇತ್ತು: ಐದು ವರ್ಷದ ಕೋರ್ಸಿಗೆ 20, ಮೂರು ವರ್ಷದ್ದಕ್ಕೆ 30. ವ್ಯಾಜ್ಯಗಳಾದವು, 2013ರಲ್ಲಿ ಪರಿಷತ್ತು ಅದನ್ನು ಕೈಬಿಟ್ಟಿತು, 2016ರಲ್ಲಿ ಸುತ್ತೋಲೆ ಹೊರಡಿಸಿ ಮತ್ತೆ ತಂದಿತು, 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಗೆ ತಡೆ ನೀಡಿತು. ಈ ಹಾವು ಏಣಿ ಆಟವನ್ನು ಯಾವುದೋ ಒಂದು ಹಂತದಲ್ಲಿ ಕೇಳಿಸಿಕೊಂಡವರು ಅಲ್ಲಿಗೇ ನಿಂತುಬಿಟ್ಟಿದ್ದಾರೆ. ನಿಮಗೆ ಹೇಳಿದವರೂ ಅಂಥವರೇ ಇರಬೇಕು. 24 ಅಡ್ಡಿಯಲ್ಲ. ವಯಸ್ಸಿನ ಪ್ರಶ್ನೆ ಬರುವುದು ಆಮೇಲೆ, ಅದೂ ತಲೆಕೆಳಗಾಗಿ: 1961ರ ವಕೀಲರ ಅಧಿನಿಯಮದ ಪ್ರಕಾರ ಸನ್ನದು (ವಕೀಲಿ ಮಾಡುವ ಪರವಾನಗಿ) ಪಡೆಯಲು 21 ತುಂಬಿರಬೇಕು.

ವಿಜ್ಞಾನ, ವಾಣಿಜ್ಯ, ಕಲೆ ಯಾವುದಾದರೂ ಆದೀತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ನನಗೆ ನಿಮ್ಮ ವಿಷಯದಲ್ಲಿ ಕಾಡುತ್ತಿರುವುದು ಆ ಬಿಟ್ಟುಹೋದ ಬಿ.ಎಸ್‌ಸಿ. ಬಿಟ್ಟೆ ಎಂದಿರಿ, ಕಾಗದದ ಮೇಲೆ ಬಿಟ್ಟಿದ್ದೀರಾ? ಹೆಚ್ಚಿನವರು ತರಗತಿಗೆ ಹೋಗುವುದನ್ನು ನಿಲ್ಲಿಸುತ್ತಾರೆ ಅಷ್ಟೆ. ಪಿಯುಸಿ ಕಾಲೇಜು ಕೊಟ್ಟ ವರ್ಗಾವಣೆ ಪತ್ರ ಪದವಿ ಕಾಲೇಜಿನ ಕಪಾಟಿನಲ್ಲಿ ಮಲಗಿರುತ್ತದೆ, ಜೊತೆಗೆ ಅಂಕಪಟ್ಟಿಯೂ. 6ನೇ ನಿಯಮದ ಪ್ರಕಾರ ಕಾನೂನು ಪದವಿಯ ಜೊತೆಗೆ ಇನ್ನೊಂದು ಪದವಿಗೆ ಹೆಸರು ನೋಂದಾಯಿಸಿಕೊಂಡಿರುವಂತಿಲ್ಲ; ದೂರಶಿಕ್ಷಣದ ಕೋರ್ಸು, ಭಾಷೆ ಅಥವಾ ಕಂಪ್ಯೂಟರಿನ ಅಲ್ಪಾವಧಿ ಸರ್ಟಿಫಿಕೇಟ್ ಕೋರ್ಸು, ಇಂಥವಕ್ಕೆ ಮಾತ್ರ ವಿನಾಯಿತಿ. 2022ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಏಕಕಾಲಕ್ಕೆ ಎರಡು ಪದವಿ ಓದಬಹುದು ಎಂದದ್ದನ್ನು ಯಾರಾದರೂ ತೋರಿಸಿಯಾರು, ಕಾನೂನು ಪದವಿಯ ಮಟ್ಟಿಗೆ ಅದನ್ನು ಹಿಡಿದುಕೊಂಡು ಹೋಗಬೇಡಿ. ಆ ಕಾಲೇಜಿಗೆ ಹೋಗಿ ಪ್ರವೇಶ ರದ್ದುಪಡಿಸಿ ವರ್ಗಾವಣೆ ಪತ್ರ ಪಡೆದುಕೊಳ್ಳಿ. ಬಾಕಿ ಶುಲ್ಕದ ನೆಪ ಹೇಳಿ ಮೂಲ ಅಂಕಪಟ್ಟಿ ಕೊಡದಿದ್ದರೆ, ಮೂಲ ದಾಖಲೆಗಳನ್ನು ಇಟ್ಟುಕೊಳ್ಳಬಾರದೆಂಬ ಯುಜಿಸಿಯ 2018ರ ಅಧಿಸೂಚನೆಯನ್ನು ಉಲ್ಲೇಖಿಸಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಆಗದ ಕೆಲಸ ಒಂದು ಮುದ್ರೆಯಿಂದ ಆಗುವುದನ್ನು ದಿನವೂ ನೋಡುತ್ತೇನೆ. ಓದಿದ ಆ ಒಂದು ವರ್ಷವನ್ನು ಲೆಕ್ಕಕ್ಕೆ ಹಿಡಿದು ನಡುವೆ ಸೇರಿಸಿಕೊಳ್ಳುತ್ತಾರೆಯೇ ಎಂದರೆ, ಇಲ್ಲ. ಪೂರ್ತಿ ಪದವಿ ಇದ್ದವರಿಗೂ ಐದು ವರ್ಷದ ಕೋರ್ಸಿನಲ್ಲಿ ನಡುವಿನ ಪ್ರವೇಶವಿಲ್ಲ.

ನಿಮ್ಮ ಗೆಳೆಯರ ಸಲಹೆಗೆ ಬರುತ್ತೇನೆ. ಅದು ಕೆಟ್ಟ ಸಲಹೆಯಲ್ಲ. ಪಿಯುಸಿ ಮುಗಿಸಿದವರು ದೂರಶಿಕ್ಷಣದಲ್ಲಿ ಪಡೆದ ಪದವಿಯನ್ನು 5ನೇ ನಿಯಮ ಒಪ್ಪುತ್ತದೆ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದ್ದರಾಯಿತು. ಆದರೆ ಲೆಕ್ಕ ಹಾಕಿ: ಮೂರು ಮತ್ತು ಮೂರು ಸೇರಿ ಆರು ವರ್ಷ. ಪದವಿಯಲ್ಲೂ ಅದೇ 42ರ ಗೆರೆಯನ್ನು ಮತ್ತೊಮ್ಮೆ ದಾಟಬೇಕು. ಮನೆಯ ಖರ್ಚು ನಿಮ್ಮ ಸಂಬಳದ ಮೇಲೆ ನಿಂತಿದ್ದರೆ ಮಾತ್ರ ನಾನು ಆ ದಾರಿ ಹೇಳುತ್ತೇನೆ.

ಆ ದಾರಿಯಲ್ಲಿ ಒಂದು ಹೊಂಡವಿದೆ. ನೀವು ಬೀಳುವುದಿಲ್ಲ, ಆದರೂ ಹೇಳದೆ ಇರಲಾರೆ. ನಮ್ಮ ನ್ಯಾಯಾಲಯದ ಆವರಣದಲ್ಲಿ ಬೆರಳಚ್ಚು ಮಾಡುವವರೊಬ್ಬರಿದ್ದಾರೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿ ಓದದೆ, ಪ್ರವೇಶ ಪರೀಕ್ಷೆಯೊಂದನ್ನು ಬರೆದು ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಬಿ.ಎ. ಮಾಡಿದರು. ಯಾವುದೋ ಕಾಲೇಜು ಪದವಿ ಪ್ರಮಾಣಪತ್ರವನ್ನಷ್ಟೇ ನೋಡಿ ಎಲ್‌ಎಲ್.ಬಿ.ಗೆ ಸೇರಿಸಿಕೊಂಡಿತು. ಮೂರು ವರ್ಷ ಓದಿ ಪಾಸೂ ಆದರು. ವಕೀಲರಾಗಿ ನೋಂದಾಯಿಸಿಕೊಳ್ಳಲು ಹೋದಾಗ "ಪಿಯುಸಿ ಅಂಕಪಟ್ಟಿ ಎಲ್ಲಿ?" ಎಂಬ ಪ್ರಶ್ನೆ ಬಂತು. ಹತ್ತು, ಹನ್ನೆರಡು, ಪದವಿ ಎಂಬ ಸರಪಳಿಯಲ್ಲಿ ನಡುವಿನ ಕೊಂಡಿ ಇಲ್ಲದವರು ಅರ್ಹರಲ್ಲ ಎಂದು 5ನೇ ನಿಯಮದ ವಿವರಣೆಯಲ್ಲೇ ಇದೆ. ಪ್ರವೇಶದ ದಿನ ಕಾಲೇಜಿನಲ್ಲಿ ಯಾರೂ ಅದನ್ನು ಓದಿರಲಿಲ್ಲ, ಅವರೂ ಓದಿರಲಿಲ್ಲ. ಇವತ್ತು ಅವರು ಬರೆದುಕೊಡುವ ವಾದಪತ್ರ ನನ್ನದಕ್ಕಿಂತ ಅಚ್ಚುಕಟ್ಟಾಗಿರುತ್ತದೆ. ಕೆಳಗೆ ಸಹಿ ಮಾತ್ರ ಬೇರೆಯವರದು.

ಕೆಲಸದ ವಿಷಯ. ಐದು ವರ್ಷದ ಕೋರ್ಸು ಹಗಲಿನ ತರಗತಿಗಳದ್ದು, ಅಂಚೆ ಮೂಲಕ ಪಡೆಯುವ ಕಾನೂನು ಪದವಿಗೆ ವಕೀಲಿ ಮಾಡಲು ಮಾನ್ಯತೆಯಿಲ್ಲ. "ಹೆಸರು ಹಚ್ಚಿ ಹೋಗಿ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ" ಎನ್ನುವವರು ಸಿಗುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಪರಿಷತ್ತು ಹೊರಡಿಸಿದ ಸುತ್ತೋಲೆಯ ಪ್ರಕಾರ ವಿದ್ಯಾರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣ, ಏಕಕಾಲದ ಬೇರೆ ಪದವಿ, ಉದ್ಯೋಗ, ಹಾಜರಾತಿ ಇವೆಲ್ಲದರ ಬಗ್ಗೆ ಘೋಷಣೆ ಕೊಡಬೇಕು. ಉದ್ಯೋಗದಲ್ಲಿದ್ದರೆ ಕಂಪನಿಯ ನಿರಾಕ್ಷೇಪಣಾ ಪತ್ರವೂ ಬೇಕು. ಸುಳ್ಳು ಘೋಷಣೆಗೆ ಸಹಿ ಹಾಕಿ ವಕೀಲಿ ಆರಂಭಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಕನ್ನಡ ಮಾಧ್ಯಮದವನು ಎಂದು ಕೊನೆಯಲ್ಲಿ ಅಳುಕಿನಿಂದ ಬರೆದಿದ್ದೀರಿ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಇಂಗ್ಲಿಷ್ ಭಾಷೆಯ ಪತ್ರಿಕೆ ಬಿಟ್ಟು. ನಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ಸಾಕ್ಷಿಗಳ ವಿಚಾರಣೆ ನಡೆಯುವುದು ಕನ್ನಡದಲ್ಲಿ. ಹೈಕೋರ್ಟಿಗೆ ಇಂಗ್ಲಿಷ್ ಬೇಕು, ಅದಕ್ಕೆ ನಿಮಗೆ ಐದು ವರ್ಷ ಸಮಯವಿದೆ.

ದಾಖಲೆಗಳನ್ನು ಒಂದು ಕಡತದಲ್ಲಿ ಹಾಕಿಡಿ: ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಆಧಾರ್. ಹಾಕುವ ಮುನ್ನ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರಡಿ, ನಿಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಳ್ಳಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಪೂರ್ತಿ ಹೆಸರು: ನಮ್ಮಲ್ಲಿ ಇದು ಮಾಮೂಲು. ನನ್ನ ಹೆಸರು ಮೂರು ದಾಖಲೆಗಳಲ್ಲಿ ಮೂರು ಬಗೆಯಾಗಿತ್ತು, ಪ್ರವೇಶದ ಕೊನೆಯ ದಿನ ನೋಟರಿಯ ಮುಂದೆ ಓಡಬೇಕಾಯಿತು. ಈ ಮೂವರೂ ನಾನೇ ಎಂದು ಪ್ರಮಾಣ ಮಾಡಿ ಸಹಿ ಹಾಕಿದೆ. ನನ್ನ ವಕೀಲಿ ಜೀವನದ ಮೊದಲ ಅಫಿಡವಿಟ್ ಅದೇ.