ನೀರೋ, ಲೋಹವೋ?

ಪ್ರಶ್ನೆ: ಪ್ರೋಟೀನ್ ಸ್ಫಟಿಕದ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ (ಎಲ್ಲೆಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂದು ಎಕ್ಸ್-ಕಿರಣಗಳ ನೆರವಿನಿಂದ ತೋರಿಸುವ ಚಿತ್ರದಲ್ಲಿ) ಕಾಣುವ ಒಂಟಿ ಚುಕ್ಕೆಯೊಂದು ನೀರಿನ ಅಣುವೋ ಲೋಹದ ಅಯಾನೋ ಎಂಬುದನ್ನು ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ಚುಕ್ಕೆಯ ಗಾತ್ರವನ್ನಷ್ಟೇ ನಂಬಿದರೆ ಮೋಸಹೋಗುವ ಸಂಭವವೇ ಹೆಚ್ಚು. ನೀರಿನ ಅಣು, ಸೋಡಿಯಂ ಅಯಾನು, ಮೆಗ್ನೀಸಿಯಂ ಅಯಾನು ಈ ಮೂರರಲ್ಲೂ ಇರುವುದು ತಲಾ 10 ಎಲೆಕ್ಟ್ರಾನುಗಳೇ ಆದ್ದರಿಂದ, ಎಕ್ಸ್-ಕಿರಣಗಳಿಗೆ ಅವು ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತವೆ. ಆಗ ನೋಡಬೇಕಾದದ್ದು ನೆರೆಹೊರೆಯನ್ನು. ನೀರು ಹೈಡ್ರೋಜನ್ ಬಂಧದ ಮೂಲಕ ನೆರೆಯ ಪರಮಾಣುವಿನಿಂದ ಸುಮಾರು 2.8 ಆಂಗ್‌ಸ್ಟ್ರಾಂ ದೂರದಲ್ಲಿದ್ದರೆ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ಮೆಗ್ನೀಸಿಯಂ ಸಾಮಾನ್ಯವಾಗಿ ಆರು ಆಕ್ಸಿಜನ್ ಪರಮಾಣುಗಳನ್ನು 2.1 ಆಂಗ್‌ಸ್ಟ್ರಾಂನಷ್ಟು ಹತ್ತಿರಕ್ಕೆ ಎಳೆದು ಅಷ್ಟಮುಖಿಯ ಮೂಲೆಗಳಲ್ಲಿ ಕೂರಿಸಿಕೊಳ್ಳುತ್ತದೆ. ಸೋಡಿಯಂ, ಕ್ಯಾಲ್ಸಿಯಂಗಳಿಗೆ ಈ ಅಂತರ ಸುಮಾರು 2.4. ಸತುವಿಗೆ ಹೆಚ್ಚಾಗಿ ನಾಲ್ಕೇ ನಂಟರು, ಅವರಲ್ಲಿ ಪ್ರೋಟೀನಿನ ಅಮೈನೋ ಆಮ್ಲಗಳಾದ ಸಿಸ್ಟೀನಿನ ಗಂಧಕ, ಹಿಸ್ಟಿಡೀನಿನ ನೈಟ್ರೋಜನ್ ಪದೇಪದೇ ಕಾಣಸಿಗುತ್ತವೆ.

ಮಸುಕು ನಕ್ಷೆಯಲ್ಲಿ ಈ ಅಂತರಗಳನ್ನೂ ಪೂರ್ತಿ ನೆಚ್ಚುವಂತಿಲ್ಲ. ಆಗ ನೆರವಿಗೆ ಬರುವುದು ಹೀರಿಕೆಯ ಅಂಚು, ಅಂದರೆ ಲೋಹವು ಎಕ್ಸ್-ಕಿರಣವನ್ನು ಹೀರುವ ಪ್ರಮಾಣ ಥಟ್ಟನೆ ಏರುವ ಶಕ್ತಿಯ ಮಟ್ಟ; ಸತುವಿಗೆ ಅದು ಇರುವುದು 9.66 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ. ಅದರ ತುಸು ಮೇಲೆ ಒಮ್ಮೆ, ತುಸು ಕೆಳಗೆ ಒಮ್ಮೆ ದತ್ತಾಂಶ ಸಂಗ್ರಹಿಸಿದಾಗ, ಮೊದಲನೆಯದರಲ್ಲಿ ಎದ್ದು ಕಾಣುವ ಅಸಂಗತ ಚದರಿಕೆಯ (ಹೀರಿಕೆಯಿಂದಾಗಿ ಕಿರಣಗಳ ಚದರುವಿಕೆಯಲ್ಲಿ ಆಗುವ ವ್ಯತ್ಯಾಸದ) ಶಿಖರ ಎರಡನೆಯದರಲ್ಲಿ ಅಡಗಿಹೋದರೆ ಅದು ಸತುವೇ ಎನ್ನಲು ಬಲವಾದ ಆಧಾರ ಸಿಕ್ಕಂತೆ. ಮೆಗ್ನೀಸಿಯಂನ ಅಂಚು ತೀರ ಕೆಳಗಿರುವುದರಿಂದ ಅದಕ್ಕೆ ಈ ಉಪಾಯ ನಡೆಯದು. ಅಂದಹಾಗೆ, ಪ್ರೋಟೀನನ್ನು ಶುದ್ಧೀಕರಿಸಿದ ನಿಕ್ಕಲ್ ಸ್ತಂಭದಿಂದಲೇ (ಪ್ರೋಟೀನನ್ನು ಹಿಡಿದಿಡುವ ನಿಕ್ಕಲ್ ಅಯಾನುಗಳಿರುವ ಕೊಳವೆಯಿಂದಲೇ) ಲೋಹ ಬಂದು ಸೇರಿಕೊಂಡಿರುವುದೂ ಉಂಟು.